ಎಂಟು ತಿಂಗಳು ಮಲಗಿದ್ದ ಎಸಿಯನ್ನು ಬೇಸಿಗೆಗೆ ಎಬ್ಬಿಸುವುದು: ಹಾಸನದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಹಾಸನದಲ್ಲಿ ಎಸಿ ಯಾಕೆ ಅಂತ ಕೇಳುವವರು ಈಗಲೂ ಇದ್ದಾರೆ. ಬಡವರ ಊಟಿ ಅನ್ನಿಸಿಕೊಂಡ ಊರು ನಮ್ಮದು. ಸಮುದ್ರಮಟ್ಟಕ್ಕಿಂತ 3000 ಅಡಿಗೂ ಎತ್ತರದಲ್ಲಿದೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಆರ್‌ಸಿಸಿ ತಾರಸಿಯ ಕೆಳಗಿನ ಮಹಡಿ ಕೋಣೆಯಲ್ಲಿ ಒಂದು ಗಂಟೆ ಕೂತವರು ಆ ಪ್ರಶ್ನೆ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಎಸಿ ಹಾಕಿಸಿದ್ದು ಅಪ್ಪನಿಗಾಗಿ. ಅವರಿಗೆ ಬೈಪಾಸ್ ಆಪರೇಷನ್ ಆದ ವರ್ಷ ಸೆಕೆ ತಡೆಯಲಾಗುತ್ತಿರಲಿಲ್ಲ.

ಅಲ್ಲಿಂದ ಪ್ರತಿ ವರ್ಷ ಆ ಎಸಿಯನ್ನು ಬೇಸಿಗೆಗೆ ಸಿದ್ಧ ಮಾಡುವ ಕೆಲಸ ನನ್ನದು. ಮಾಡುತ್ತಾ ಮಾಡುತ್ತಾ ಒಂದು ವಿಷಯ ಗೊತ್ತಾಯಿತು. ರಾಯಚೂರು, ಕಲಬುರಗಿ ಕಡೆ ಎಸಿ ಓಡಿ ಓಡಿ ಸವೆಯುತ್ತದೆ. ನಮ್ಮ ಕಡೆ ಸುಮ್ನೆ ಕೂತು ಕೆಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಎಸಿ ಆಫ್. ಮಳೆಗಾಲದ ತೇವ, ಆಮೇಲೆ ಮಂಜು, ಚಳಿ. ಈ ಎಂಟು ತಿಂಗಳಲ್ಲಿ ಒಳಗೆ ಬೂಷ್ಟು ಬರುತ್ತದೆ, ಹೊರಗಿನ ಪೆಟ್ಟಿಗೆಯಲ್ಲಿ ಇರುವೆ, ಹಲ್ಲಿ, ಕಣಜ ಸಂಸಾರ ಹೂಡುತ್ತವೆ, ಇಲಿ ವೈರು ಕಡಿಯುತ್ತದೆ. ಹಾಗಾಗಿ ದೊಡ್ಡ ಊರಿನವರಿಗೆ ಹೇಳುವ ಸರ್ವಿಸ್ ಕ್ರಮವನ್ನು ನಾವು ಹಾಗೇ ಅನುಸರಿಸಿದರೆ ಸಾಲದು. ನಮ್ಮ ಎಸಿಗೆ ಬೇಕಾದದ್ದು ಮಲಗಿದ್ದವನನ್ನು ಎಬ್ಬಿಸುವ ಆರೈಕೆ.

ಇಲ್ಲಿ ಹೇಳಿರುವುದೆಲ್ಲ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಗೆ, ಅಂದರೆ ಕೋಣೆಯೊಳಗೆ ಒಂದು, ಹೊರಗೆ ಒಂದು ಪೆಟ್ಟಿಗೆ ಇರುವಂಥದ್ದಕ್ಕೆ. ಕಿಟಕಿ ಎಸಿ ಇದ್ದವರಿಗೂ ಬಹಳಷ್ಟು ಉಪಯೋಗಕ್ಕೆ ಬರುತ್ತದೆ.

ಯಾವಾಗ ಶುರು ಮಾಡಬೇಕು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಅದಕ್ಕಿಂತ ಎರಡು ವಾರ ಮೊದಲೇ ಈ ಕೆಲಸ ಮುಗಿಸಿ. ಫೆಬ್ರವರಿ ಮೊದಲ ವಾರದಲ್ಲಿ ಮೆಕ್ಯಾನಿಕ್‌ಗಳು ಕರೆದ ದಿನವೇ ಬರುತ್ತಾರೆ, ನಿಧಾನವಾಗಿ ನೋಡುತ್ತಾರೆ. ಮಾರ್ಚ್ ಕೊನೆಗೆ ಕರೆದರೆ ದಿನಕ್ಕೆ ಎಂಟು ಹತ್ತು ಮನೆ ಸುತ್ತುವ ಧಾವಂತದಲ್ಲಿರುತ್ತಾರೆ. ಅಂಥ ದಿನ ಸೋರಿಕೆ ಹುಡುಕಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಆದರೆ ಫೆಬ್ರವರಿಯಲ್ಲಿ ಮಾಡುವವರಿಗೆ ಒಂದು ತೊಡಕಿದೆ. ಬೆಳಿಗ್ಗೆ ಹೊತ್ತು ಕೋಣೆ 20, 21 ಡಿಗ್ರಿ ಇರುತ್ತದೆ. ಆಗ ಎಸಿಯನ್ನು 24ಕ್ಕೆ ಇಟ್ಟು ಆನ್ ಮಾಡಿದರೆ ಕಂಪ್ರೆಸರ್, ಅಂದರೆ ತಂಪು ಮಾಡುವ ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರ, ಓಡುವುದೇ ಇಲ್ಲ. ಬರೀ ಗಾಳಿ ಬರುತ್ತದೆ. ಎಸಿ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಓಡಿಸಿ ನೋಡುವ ಕೆಲಸವನ್ನು ಮಧ್ಯಾಹ್ನ ಎರಡು ಮೂರು ಗಂಟೆಗೆ ಇಟ್ಟುಕೊಳ್ಳಿ, ಕೋಣೆಯ ಬಿಸಿಗಿಂತ ತುಂಬಾ ಕೆಳಗೆ, 16ಕ್ಕೋ 18ಕ್ಕೋ ಇಡಿ.

ಕೈ ಹಾಕುವ ಮೊದಲು

ರಿಮೋಟ್‌ನಲ್ಲಿ ಆಫ್ ಮಾಡಿದರೆ ಆಫ್ ಆದಂತಲ್ಲ. ಎಸಿಗೆ ಬೇರೆಯೇ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇರುತ್ತದೆ, ಅದನ್ನು ಕೆಳಗಿಳಿಸಿ. ಮನೆಯಲ್ಲಿ ಯಾರಾದರೂ ಏನೋ ಆಫ್ ಆಗಿದೆ ಅಂತ ಮತ್ತೆ ಎತ್ತಿಬಿಟ್ಟಾರು. ಅದರ ಮೇಲೆ ಒಂದು ಚೂರು ಟೇಪ್ ಅಂಟಿಸಿ.

ಹೊರಗಿನ ಪೆಟ್ಟಿಗೆಯ ಮುಚ್ಚಳವನ್ನು ನೀವು ಬಿಚ್ಚಬಾರದು. ಒಳಗೆ ಕೆಪಾಸಿಟರ್ ಇರುತ್ತದೆ. ಕರೆಂಟ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ, ಹೊಡೆದರೆ ಜೋರಾಗಿ ಹೊಡೆಯುತ್ತದೆ. ಹಾಗೆಯೇ ಎರಡನೇ ಮಹಡಿಯ ಗೋಡೆಗೆ ಬ್ರಾಕೆಟ್ ಹೊಡೆದು ಕೂರಿಸಿರುವ ಪೆಟ್ಟಿಗೆಯನ್ನು ಕಿಟಕಿಯಿಂದ ಬಗ್ಗಿ ತೊಳೆಯುವ ಸಾಹಸ ಬೇಡ. ಅದು ಮೆಕ್ಯಾನಿಕ್ ಕೆಲಸ. ಬಾಲ್ಕನಿಯಲ್ಲೋ ತಾರಸಿಯಲ್ಲೋ ಇದ್ದರೆ ಮಾತ್ರ ನೀವೇ ಮಾಡಿ.

ಬೇಕಾಗುವ ಸಾಮಾನು ಮನೆಯಲ್ಲೇ ಇರುತ್ತದೆ: ಗಟ್ಟಿ ಸ್ಟೂಲು, ಟಾರ್ಚ್, ಹಳೇ ಹಲ್ಲುಜ್ಜುವ ಬ್ರಷ್, ಮೆತ್ತಗಿನ ಪೇಂಟ್ ಬ್ರಷ್, ಹಳೆ ಬಟ್ಟೆ, ಬಕೆಟ್, ಕೈಗವಸು. ಕೋಣೆಯ ಉಷ್ಣತೆ ಅಳೆಯುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಹೊರಗಿನ ಪೆಟ್ಟಿಗೆಯಿಂದ ಶುರು ಮಾಡಿ

ಎಲ್ಲರೂ ಮೊದಲು ಒಳಗಿನ ಫಿಲ್ಟರ್‌ಗೆ ಕೈ ಹಾಕುತ್ತಾರೆ. ನಾನು ಹೊರಗಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಂಟು ತಿಂಗಳ ರಾದ್ಧಾಂತವೆಲ್ಲ ಅಲ್ಲಿರುತ್ತದೆ. ಕವರ್ ಹಾಕಿದ್ದರೆ ಕೋಲಿನಿಂದ ಒಮ್ಮೆ ತಟ್ಟಿ, ಆಮೇಲೆ ತೆಗೆಯಿರಿ. ಒಳಗೆ ಕಣಜದ ಗೂಡು ಇರಬಹುದು. ಊರ ಹೊರಗಿನ ಬಡಾವಣೆಗಳಲ್ಲಿ, ತೋಟದ ಮನೆಗಳಲ್ಲಿ ಹಾವು ಸೇರಿಕೊಂಡಿರುವುದೂ ಉಂಟು.

ಸುತ್ತ ಇಟ್ಟಿರುವ ಹೂಕುಂಡ, ಹಳೆ ಡಬ್ಬ, ಒಣಗಲು ಹಾಕಿದ ಬಟ್ಟೆ ಎಲ್ಲ ಸರಿಸಿ. ಈ ಪೆಟ್ಟಿಗೆಯ ಕೆಲಸ ಕೋಣೆಯ ಬಿಸಿಯನ್ನು ಹೊರಗೆ ಎಸೆಯುವುದು. ಎದುರಿಗೆ ಮೂರು ನಾಲ್ಕು ಅಡಿ ಬಯಲು ಇಲ್ಲದಿದ್ದರೆ ತಾನು ಉಗುಳಿದ ಬಿಸಿ ಗಾಳಿಯನ್ನೇ ತಾನು ಮತ್ತೆ ಎಳೆದುಕೊಳ್ಳುತ್ತದೆ. ಕೆಲವರು ಕಳ್ಳತನದ ಭಯಕ್ಕೆ ಸುತ್ತ ಒತ್ತಾಗಿ ಗ್ರಿಲ್ ಮಾಡಿಸಿ, ಮೇಲೆ ಶೀಟ್ ಹೊದಿಸಿಬಿಡುತ್ತಾರೆ. ಗ್ರಿಲ್ ಇರಲಿ, ಸಂದು ದೊಡ್ಡದಿರಲಿ.

ಹಿಂಬದಿಯಲ್ಲಿ ಹಾಳೆಯಂತೆ ತೆಳ್ಳಗಿನ ಅಲ್ಯೂಮಿನಿಯಂ ಪಟ್ಟಿಗಳ ಸಾಲು ಕಾಣುತ್ತದೆ, ಅದೇ ಫಿನ್ಸ್. ಅರಸೀಕೆರೆ ಕಡೆಯಾದರೆ ಅಲ್ಲಿ ಕೆಂಪು ಧೂಳು ತುಂಬಿರುತ್ತದೆ. ಸಕಲೇಶಪುರ ಕಡೆಯಾದರೆ ಧೂಳಿಗಿಂತ ಪಾಚಿ, ಜೇಡರ ಬಲೆ ಜಾಸ್ತಿ. ನಮ್ಮ ಹಾಸನದಲ್ಲಿ ಎರಡೂ ಸ್ವಲ್ಪ ಸ್ವಲ್ಪ. ಮೊದಲು ಒಣ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ, ಪಟ್ಟಿಗಳು ಇರುವ ದಿಕ್ಕಿನಲ್ಲೇ ಗುಡಿಸಿ. ಅಡ್ಡ ಉಜ್ಜಿದರೆ ಪಟ್ಟಿಗಳು ಮಡಚಿಕೊಳ್ಳುತ್ತವೆ, ಗಾಳಿ ಹೋಗುವ ದಾರಿ ಮುಚ್ಚಿಹೋಗುತ್ತದೆ. ಅಂಚು ಬ್ಲೇಡಿನ ಹಾಗಿರುತ್ತದೆ, ಕೈಗವಸು ಇರಲಿ.

ಆಮೇಲೆ ನೀರು. ಗಿಡಕ್ಕೆ ಬಿಡುವ ಪೈಪಿನಲ್ಲಿ ಮೆಲ್ಲಗೆ, ನೇರವಾಗಿ ಬಿಡಿ. ಬೈಕ್ ತೊಳೆಯುವ ಪ್ರೆಶರ್ ಪಂಪ್ ಬೇಡ. ವೈರುಗಳು ಸೇರುವ ಬದಿಗೆ ನೀರು ಹಾರಬಾರದು. ನಗರದ ನಲ್ಲಿಯಲ್ಲಿ ಬರುವ ಹೇಮಾವತಿ ನೀರಾದರೆ ಒಳ್ಳೆಯದು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಒಣಗಿದ ಮೇಲೆ ಫಿನ್ಸ್ ಮೇಲೆ ಬಿಳಿ ಪೊರೆ ಬಿಡುತ್ತದೆ. ಗೀಸರ್ ಕಾಯಿಲ್‌ಗೆ ಕಟ್ಟುತ್ತದಲ್ಲ, ಅದೇ ಜಾತಿ.

ಕೊನೆಗೆ ಪೆಟ್ಟಿಗೆಯಿಂದ ಗೋಡೆಯೊಳಗೆ ಹೋಗುವ ಪೈಪುಗಳನ್ನು ಟಾರ್ಚ್ ಹಾಕಿ ನೋಡಿ. ಎರಡು ತಾಮ್ರದ ಪೈಪು, ಒಂದು ದಪ್ಪ, ಒಂದು ಸಣ್ಣ. ಮೇಲೆ ಕಪ್ಪು ಸ್ಪಂಜಿನ ಹೊದಿಕೆ. ಅದನ್ನು ಇಲಿ, ಅಳಿಲು ಕಡಿದಿದ್ದರೆ, ಬಿಸಿಲಿಗೆ ಪುಡಿಯಾಗಿದ್ದರೆ ಹೊಸದು ಸುತ್ತಿಸಬೇಕು. ಪೈಪಿನ ನಟ್ ಹತ್ತಿರ ಎಣ್ಣೆ ಜಿಡ್ಡಿನ ಕಲೆ ಕಂಡರೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗ್ಯಾಸ್ ಸೋರುವ ಕಡೆ ಅದರ ಜೊತೆಗೆ ಕಂಪ್ರೆಸರ್ ಎಣ್ಣೆಯೂ ಜಿನುಗುತ್ತದೆ. ಆ ಕಲೆ ಮುಂದೆ ನಿಮ್ಮ ಸಾವಿರಾರು ರೂಪಾಯಿ ಉಳಿಸಬಹುದು.

ಫಿಲ್ಟರ್ ತೊಳೆಯುವುದು

ಒಳಗಿನ ಪೆಟ್ಟಿಗೆಯ ಮುಂದಿನ ಬಾಗಿಲನ್ನು ಎರಡೂ ಕಡೆ ಹಿಡಿದು ಮೇಲಕ್ಕೆತ್ತಿದರೆ ಫಿಲ್ಟರ್ ಕಾಣುತ್ತದೆ. ಮೆಲ್ಲಗೆ ಎತ್ತಿ ಕೆಳಕ್ಕೆ ಎಳೆದುಕೊಳ್ಳಿ. ಮೊದಲು ಹಿಂಬದಿಯಿಂದ ನೀರು ಬಿಡಿ, ಧೂಳು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸೋಪು ಎರಡು ಹನಿ ಸಾಕು. ಬಿಸಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಬೇಸಿಗೆ ಪೂರ್ತಿ ಎರಡು ವಾರಕ್ಕೊಮ್ಮೆ ಇದೇ ಕೆಲಸ. ಮನೆ ರಸ್ತೆಗೆ ಅಂಟಿಕೊಂಡಿದ್ದರೆ, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ವಾರಕ್ಕೊಮ್ಮೆ.

ಕಾಯಿಲ್ ಮತ್ತು ಬೂಷ್ಟಿನ ವಾಸನೆ

ಫಿಲ್ಟರ್ ತೆಗೆದಾಗ ಹಿಂದೆ ಕಾಣುವುದು ಒಳಗಿನ ಕಾಯಿಲ್. ಅದಕ್ಕೂ ಒಣ ಬ್ರಷ್ ಮೇಲಿಂದ ಕೆಳಕ್ಕೆ. ಈಗ ಟಾರ್ಚ್ ಹಿಡಿದು ಗಾಳಿ ಬರುವ ಕೆಳಗಿನ ಬಾಯಿಯೊಳಗೆ ನೋಡಿ. ಉದ್ದಕ್ಕೆ ಉರುಳೆಯಂಥ ಫ್ಯಾನ್ ಇರುತ್ತದೆ. ಅದರ ಎಸಳುಗಳ ಮೇಲೆ ಕಪ್ಪು ಚುಕ್ಕೆ, ತುಪ್ಪಳದಂಥ ಪೊರೆ ಕಂಡರೆ ಅದು ಬೂಷ್ಟು. ಎಸಿ ಹಾಕಿದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ ಬರುವುದು ಇದರಿಂದಲೇ. ಅದರ ಕಣಗಳು ಕೋಣೆಯ ಗಾಳಿಗೆ ಸೇರುತ್ತವೆ. ಆಸ್ತಮಾ ಇರುವವರು, ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಹಾಗೇ ಬಿಡಲೇಬಾರದು.

ಅಂಗಡಿಯಲ್ಲಿ ಸಿಗುವ ನೊರೆ ಸ್ಪ್ರೇ ಕಾಯಿಲ್‌ಗೆ ಸ್ವಲ್ಪ ಮಟ್ಟಿಗೆ ಸರಿ. ಉರುಳೆ ಫ್ಯಾನಿನ ಬೂಷ್ಟಿಗೆ ಅದು ಸಾಲದು. ಅದಕ್ಕೆ ಮೆಕ್ಯಾನಿಕ್ ಬಂದು ಜೆಟ್ ಪಂಪ್‌ನಲ್ಲಿ ತೊಳೆಯಬೇಕು. ತೊಳೆಯುವ ಮೊದಲು ಸರ್ಕ್ಯೂಟ್ ಇರುವ ಭಾಗಕ್ಕೆ ಪ್ಲಾಸ್ಟಿಕ್ ಕಟ್ಟುತ್ತಾರಾ ನೋಡಿ. ಕಟ್ಟದಿದ್ದರೆ ಕಟ್ಟಿಸಿ. ಬೋರ್ಡ್‌ಗೆ ನೀರು ಹೋದರೆ ಅದರ ಖರ್ಚು ಸರ್ವಿಸ್ ಖರ್ಚಿನ ಹತ್ತುಪಟ್ಟು ಆಗಬಹುದು. ಸುಗಂಧದ ಸ್ಪ್ರೇ ಹೊಡೆದು ವಾಸನೆ ಹೋಗಿಸುವುದು ಕೆಲಸವೇ ಅಲ್ಲ.

ಡ್ರೈನ್ ಪೈಪು: ಸಣ್ಣ ಪೈಪು, ದೊಡ್ಡ ಗೋಳು

ಕಳೆದ ವರ್ಷ ಮಾರ್ಚ್‌ನಲ್ಲಿ ಒಂದು ರಾತ್ರಿ ಅಪ್ಪ ಕೂಗಿದರು. ಹೋಗಿ ನೋಡಿದರೆ ಎಸಿ ಕೆಳಗಿನ ಗೋಡೆ ಪೂರ್ತಿ ಒದ್ದೆ, ಅವರ ಮಾತ್ರೆಗಳ ಡಬ್ಬಿ ಮೇಲೆ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಫಿಲ್ಟರ್ ತೊಳೆದಿದ್ದೆ, ಕಾಯಿಲ್ ತೊಳೆಸಿದ್ದೆ. ಬೆಳಿಗ್ಗೆ ಹೊರಗೆ ಹೋಗಿ ಡ್ರೈನ್ ಪೈಪಿನ ತುದಿ ನೋಡಿದೆ. ಬಾಯಿಗೆ ಯಾರೋ ಕೈಯಾರೆ ಮೆತ್ತಿದ ಹಾಗೆ ಮಣ್ಣು. ಒಣಗಿ ಸಿಮೆಂಟ್ ಆಗಿತ್ತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ಕುಟ್ಟಿದಾಗ ಚಕ್ಕೆ ಚಕ್ಕೆಯಾಗಿ ಉದುರಿತು. ಒಳಗೆ ಸಣ್ಣ ಕೋಣೆ, ಅದರೊಳಗೆ ಬಾಡಿದ ಜೇಡಗಳು. ಮಣ್ಣುಗೂಡು ಕಟ್ಟುವ ಕಣಜ ತನ್ನ ಮರಿಗೆ ಬುತ್ತಿ ಕಟ್ಟಿಟ್ಟು ಬಾಗಿಲು ಹಾಕಿತ್ತು. ಆ ಬೆರಳು ದಪ್ಪದ ಪೈಪು ಅದಕ್ಕೆ ಹೇಳಿಮಾಡಿಸಿದ ಜಾಗ. ಅದರ ಹಿಂದೆ ಒಂದು ಲೋಟದಷ್ಟು ಲೋಳೆ ನೀರು ನಿಂತಿತ್ತು.

ಎಸಿ ಓಡುವಾಗ ಕೋಣೆಯ ಗಾಳಿಯಲ್ಲಿರುವ ತೇವ ತಣ್ಣಗಿನ ಕಾಯಿಲ್ ಮೇಲೆ ಹನಿಗಟ್ಟುತ್ತದೆ. ತಂಬಿಗೆಯಲ್ಲಿ ಫ್ರಿಜ್ ನೀರು ತುಂಬಿದಾಗ ಹೊರಗೆ ಬೆವರುತ್ತದಲ್ಲ, ಹಾಗೆ. ಆ ನೀರು ಕೆಳಗಿನ ತಟ್ಟೆಗೆ ಬಿದ್ದು ಈ ಪೈಪಿನಲ್ಲಿ ಹೊರಗೆ ಹೋಗಬೇಕು. ಪೈಪು ಕಟ್ಟಿದರೆ ತಟ್ಟೆ ತುಂಬಿ ಗೋಡೆಗೆ ಇಳಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಎಂಸಿಬಿ ಆಫ್ ಇರಲಿ. ಪೈಪಿನ ತುದಿಯನ್ನು ನೋಡಿ, ಮಣ್ಣೋ ಬಲೆಯೋ ಇದ್ದರೆ ತೆಗೆಯಿರಿ. ಆಮೇಲೆ ಒಳಗೆ ಬಂದು, ಸಾಸ್ ಬಾಟಲಿಯಂಥ ಸಣ್ಣ ಮೂತಿಯ ಬಾಟಲಿಯಲ್ಲಿ ನೀರು ತುಂಬಿ ಕಾಯಿಲ್‌ನ ಕೆಳಭಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಹೆಚ್ಚಿನ ಎಸಿಗಳಲ್ಲಿ ಸರ್ಕ್ಯೂಟ್ ಬಲಗಡೆ ಇರುತ್ತದೆ, ಆ ಕಡೆ ಒಂದು ಹನಿಯೂ ಬೀಳಬಾರದು. ನಿಮ್ಮದರಲ್ಲಿ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಅರ್ಧ ಲೀಟರ್ ಬಿಡುವಷ್ಟರಲ್ಲಿ ಹೊರಗಿನ ತುದಿಯಲ್ಲಿ ಧಾರೆ ಬರಬೇಕು. ಒಬ್ಬರನ್ನು ಹೊರಗೆ ನಿಲ್ಲಿಸಿ ಕೂಗಿ ಹೇಳಲು ಹೇಳಿ. ನೀರು ತಡೆತಡೆದು ಬಂದರೆ ಹೊರಗಿನ ತುದಿಯಿಂದ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆಯಬಹುದು, ನೀರು ಎಳೆಯುವ ಜಾತಿಯದ್ದಾದರೆ ಮಾತ್ರ. ಇಲ್ಲದಿದ್ದರೆ ಮೆಕ್ಯಾನಿಕ್ ಬಂದಾಗ ಬ್ಲೋವರ್‌ನಲ್ಲಿ ಊದಿಸಿ. ಉದ್ದದ ತಂತಿ ತೂರಿಸಬೇಡಿ, ಒಳಗಿನ ಜಾಯಿಂಟ್ ಕಳಚಿಕೊಂಡರೆ ಗೋಡೆಯೊಳಗೇ ಸೋರುತ್ತದೆ.

ಪೈಪು ಉದ್ದಕ್ಕೂ ಕೆಳಮುಖವಾಗಿದೆಯಾ ನೋಡಿ. ಮಧ್ಯೆ ಜೋತುಬಿದ್ದು ಹೊಟ್ಟೆ ಬಂದಿದ್ದರೆ ಅಲ್ಲಿ ನೀರು ನಿಂತು ಲೋಳೆ ಕಟ್ಟುತ್ತದೆ. ತುದಿಯನ್ನು ಬಕೆಟ್ ನೀರಿನೊಳಗೆ ಮುಳುಗಿಸಿಡುವ ಅಭ್ಯಾಸ ಕೆಲವರಿಗಿದೆ. ಬಕೆಟ್ ಇಡಿ, ಮುಳುಗಿಸಬೇಡಿ. ಹಿಡಿದಿಟ್ಟ ನೀರನ್ನು ಗಿಡಕ್ಕೆ ಹಾಕಬಹುದು, ನೆಲ ಒರೆಸಬಹುದು. ಕುಡಿಯಲು, ಅಡುಗೆಗೆ ಬೇಡ.

ಕರೆಂಟಿನ ಕಡೆ

ಒಂದೂವರೆ ಟನ್ ಎಸಿಗೆ (ಟನ್ ಅನ್ನುವುದು ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ ಬೇಕೇ ಬೇಕು. ಫ್ಯಾನ್, ಲೈಟಿನ ಬೋರ್ಡಿನಿಂದ ಎಳೆದಿದ್ದರೆ ಈ ವರ್ಷ ಅದನ್ನೇ ಮೊದಲು ಸರಿ ಮಾಡಿಸಿ, ಬಾಕಿಯದ್ದು ಆಮೇಲೆ. ಎಸಿ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಹತ್ತಿರ ಕೈಯ ಹಿಂಬದಿ ತನ್ನಿ. ಬಿಸಿ ಅನ್ನಿಸಿದರೆ, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಅರ್ಥಿಂಗ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮನೆ ಪಕ್ಕದಲ್ಲಿ ಅರ್ಥ್ ಗುಂಡಿ ಇರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಫೆಬ್ರವರಿಯಿಂದ ಮೇವರೆಗೆ ವಾರಕ್ಕೊಂದು ಬಕೆಟ್ ನೀರು ಅದಕ್ಕೆ ಹಾಕಿ. ಖರ್ಚಿಲ್ಲದ ಕೆಲಸ, ಪ್ರಾಣ ಉಳಿಸುವ ಕೆಲಸ.

ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ಕಡೆ, ಪಂಪ್‌ಸೆಟ್ ಲೈನ್ ಹತ್ತಿರದ ಹಳ್ಳಿ ಮನೆಗಳಲ್ಲಿ ಸ್ಟೆಬಿಲೈಜರ್ ಇರಲಿ. ಒಂದೂವರೆ ಟನ್‌ಗೆ ಸಾಮಾನ್ಯವಾಗಿ 4 ಕೆವಿಎ ಹಾಕುತ್ತಾರೆ. ಇನ್ವರ್ಟರ್ ಎಸಿಗೆ, ಅಂದರೆ ಕಂಪ್ರೆಸರ್ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಎಸಿಗೆ, ಸ್ಟೆಬಿಲೈಜರ್ ಬೇಡ ಅಂತ ಮಾರುವವರು ಹೇಳುತ್ತಾರೆ. ಯಾವ ವೋಲ್ಟೇಜ್‌ನಿಂದ ಯಾವ ವೋಲ್ಟೇಜ್‌ವರೆಗೆ ತಡೆಯುತ್ತದೆ ಅನ್ನುವುದು ಅದರ ಪುಸ್ತಕದಲ್ಲಿ ಇರುತ್ತದೆ, ನಿಮ್ಮ ಮನೆಯದ್ದನ್ನು ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ ಹೋಲಿಸಿ ನೋಡಿ. ಇನ್ನೊಂದು ವಿಷಯ, ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಸಿಡಿಲು ಶುರುವಾದರೆ ಎಸಿ ಎಂಸಿಬಿ ಇಳಿಸಿಬಿಡಿ. ಬೋರ್ಡ್ ಸುಟ್ಟರೆ ಸ್ಟೆಬಿಲೈಜರ್ ಇದ್ದೂ ಪ್ರಯೋಜನವಿಲ್ಲ.

ಓಡಿಸಿ ನೋಡುವ ದಿನ

ರಿಮೋಟ್‌ಗೆ ಹೊಸ ಸೆಲ್ ಹಾಕಿ. ಹಳೆಯದು ಒಳಗೇ ಉಳಿದಿದ್ದರೆ ಬಿಳಿ ಪುಡಿ ಬಿಟ್ಟಿರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಮೊದಲ ಅರ್ಧ ಗಂಟೆ ಕಿಟಕಿ ತೆರೆದಿಟ್ಟು ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ಉಳಿದ ಧೂಳು, ವಾಸನೆ ಹೊರಗೆ ಹೋಗಲಿ. ಆಮೇಲೆ ಕಿಟಕಿ ಹಾಕಿ, ಕೂಲ್ ಮೋಡ್, 16 ಡಿಗ್ರಿ, ಫ್ಯಾನ್ ಜೋರು. ಎರಡು ಮೂರು ನಿಮಿಷ ಕಂಪ್ರೆಸರ್ ಸದ್ದು ಬರುವುದಿಲ್ಲ, ಕಾಯಿರಿ. ಕಂಪ್ರೆಸರ್ ಕಾಪಾಡಲು ಎಸಿಯೊಳಗೇ ಆ ವ್ಯವಸ್ಥೆ ಇದೆ.

ಇಪ್ಪತ್ತು ನಿಮಿಷ ಓಡಿದ ಮೇಲೆ ಥರ್ಮಾಮೀಟರ್ ತೆಗೆಯಿರಿ. ಗಾಳಿ ಒಳಗೆ ಹೋಗುವ ಮೇಲ್ಭಾಗದಲ್ಲಿ ಹಿಡಿದು ಬರೆದುಕೊಳ್ಳಿ. ಗಾಳಿ ಹೊರಗೆ ಬರುವ ಬಾಯಲ್ಲಿ ಹಿಡಿದು ಬರೆದುಕೊಳ್ಳಿ. ಎರಡರ ನಡುವೆ ಸುಮಾರು 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಎಸಿ ಸರಿಯಾಗಿದೆ. ಐದಾರು ಡಿಗ್ರಿ ಮಾತ್ರ ಇದ್ದರೆ ಎಲ್ಲೋ ಏನೋ ಆಗಿದೆ. ಗಾಳಿ ತಣ್ಣಗಿದೆ ಅಂತ ಕೈಗೆ ಅನ್ನಿಸುವುದಕ್ಕೂ ಈ ಲೆಕ್ಕಕ್ಕೂ ತುಂಬಾ ಅಂತರ. ಮೆಕ್ಯಾನಿಕ್ ಮುಂದೆ ಅಂಕಿ ಹೇಳಿದರೆ ಮಾತು ನೇರವಾಗಿ ನಡೆಯುತ್ತದೆ.

ಹೊರಗೆ ಹೋಗಿ ಪೈಪು ನೋಡಿ. ದಪ್ಪ ಪೈಪು ತಣ್ಣಗಾಗಿ ಬೆವರಿದ್ದರೆ ಸರಿ. ಸಣ್ಣ ಪೈಪಿನ ವಾಲ್ವ್ ಮೇಲೆ ಬಿಳಿ ಹಿಮ ಕಟ್ಟಿದ್ದರೆ ಗ್ಯಾಸ್ ಕಡಿಮೆ ಇರುವ ಲಕ್ಷಣ. ಒಳಗಿನ ಕಾಯಿಲ್ ಮೇಲೇ ಐಸ್ ಕಟ್ಟಿದರೆ ಮೊದಲು ಫಿಲ್ಟರ್, ಫ್ಯಾನ್ ಮೇಲೆ ಅನುಮಾನ ಪಡಿ, ಆಮೇಲೆ ಗ್ಯಾಸ್ ಮೇಲೆ. ಹೊರಗಿನ ಫ್ಯಾನ್ ತಿರುಗದೆ ಗೂಂ ಅನ್ನುತ್ತಿದ್ದರೆ, ಆನ್ ಆದ ಕೂಡಲೇ ಎಂಸಿಬಿ ಬೀಳುತ್ತಿದ್ದರೆ ಮತ್ತೆ ಮತ್ತೆ ಎತ್ತಬೇಡಿ. ಹಲ್ಲಿಯೋ ಇರುವೆಯೋ ಕನೆಕ್ಷನ್ ನಡುವೆ ಸತ್ತು ಶಾರ್ಟ್ ಆಗಿರಬಹುದು. ಎರಡನೇ ಸಲ ಬಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಗ್ಯಾಸ್ ವಿಷಯ, ದಯವಿಟ್ಟು ನಿಧಾನವಾಗಿ ಓದಿ

ಎಸಿ ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಅದು ಪೆಟ್ರೋಲ್ ಅಲ್ಲ, ಅಡುಗೆ ಸಿಲಿಂಡರ್ ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ನಿಮ್ಮ ಮನೆಯ ಹತ್ತು ವರ್ಷದ ಫ್ರಿಜ್‌ಗೆ ಎಷ್ಟು ಸಲ ಗ್ಯಾಸ್ ತುಂಬಿಸಿದ್ದೀರಿ? ಒಂದು ಸಲವೂ ಇಲ್ಲ ಅಲ್ವಾ? ಎಸಿಯೂ ಅದೇ ತತ್ವದ ಯಂತ್ರ. ಗ್ಯಾಸ್ ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ. ಆ ತೂತು ಮುಚ್ಚದೆ ತುಂಬಿಸಿದರೆ ಅದೂ ಸೋರಿ ಹೋಗುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಂದು ವರ್ಷ ಬಂದ ಹುಡುಗ ಹತ್ತು ನಿಮಿಷ ನೋಡಿ, "ಗ್ಯಾಸ್ ಖಾಲಿ ಆಗಿದೆ ಮೇಡಂ, ವರ್ಷಕ್ಕೊಂದ್ಸಲ ತುಂಬಿಸ್ಬೇಕಾಗುತ್ತೆ" ಅಂದ. ಮೂರು ಸಾವಿರ ಕೊಟ್ಟೆ. ಐದು ವಾರಕ್ಕೆ ಮತ್ತೆ ಬರೀ ಗಾಳಿ. ಎರಡನೇ ಸಲ ಬೇರೆಯವರನ್ನು ಕರೆಸಿದೆ, ವಯಸ್ಸಾದ ಮೆಕ್ಯಾನಿಕ್. ಅವರು ಗ್ಯಾಸಿನ ಒತ್ತಡ ಅಳೆಯುವ ಗೇಜ್ ತೆಗೆಯುವ ಮೊದಲು ಒಂದು ಲೋಟದಲ್ಲಿ ಸೋಪಿನ ನೊರೆ ಕೇಳಿದರು. ಸ್ಪಂಜಿನಲ್ಲಿ ಅದ್ದಿ ಹೊರಗಿನ ನಟ್ ಮೇಲೆ ಹಿಂಡಿದರು. "ಇಲ್ಲಿ ನೋಡಮ್ಮ" ಅಂದರು. ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಬಂತು. ತಾಮ್ರದ ಪೈಪಿನ ಬಾಯಿಯನ್ನು ಅಗಲ ಮಾಡಿ ನಟ್ ಕೂರಿಸಿರುತ್ತಾರಲ್ಲ, ಆ ಅಂಚಿನಲ್ಲಿ ಸೀಳು ಬಿಟ್ಟಿತ್ತು. ಅವರು ಆ ತುದಿ ಕತ್ತರಿಸಿ, ಹೊಸದಾಗಿ ಬಾಯಿ ಮಾಡಿ ಕೂರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಗ್ಯಾಸ್ ತುಂಬಿಸಿಲ್ಲ.

ಯಾರಾದರೂ ಗ್ಯಾಸ್ ತುಂಬಿಸಬೇಕು ಅಂದರೆ ಮೂರು ಪ್ರಶ್ನೆ ಕೇಳಿ. ಎಲ್ಲಿ ಸೋರಿದೆ, ತೋರಿಸಿ. ತುಂಬುವ ಮೊದಲು ಪಂಪ್ ಹಾಕಿ ವ್ಯಾಕ್ಯೂಮ್ ಮಾಡುತ್ತೀರಾ, ಅಂದರೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುತ್ತೀರಾ? ಗ್ಯಾಸ್ ತೂಗಲು ತಕ್ಕಡಿ ತಂದಿದ್ದೀರಾ? ಹೊರಗಿನ ಪೆಟ್ಟಿಗೆಯ ಪಕ್ಕದ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅಚ್ಚು ಹಾಕಿರುತ್ತಾರೆ. ಹಳೆಯ ಎಸಿಗಳಲ್ಲಿ ಆರ್-22 ಇರುತ್ತದೆ, ಈಚಿನವುಗಳಲ್ಲಿ ಹೆಚ್ಚಾಗಿ ಆರ್-32. ಒಂದಕ್ಕೆ ಇನ್ನೊಂದು ಹಾಕುವಂತಿಲ್ಲ. ಆರ್-32ಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣವಿದೆ. ಕೆಲವು ಎಸಿಗಳಲ್ಲಿ ಇರುವ ಆರ್-290 ಅಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ದಾಯಾದಿ. ಆ ಕೆಲಸ ನಡೆಯುವಾಗ ಕೋಣೆಯ ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ, ಬೀಡಿ ಇರಬಾರದು.

ಕೋಣೆಯನ್ನೂ ಸಿದ್ಧ ಮಾಡಿ

ಬಾಗಿಲ ಕೆಳಗೆ ಎರಡು ಬೆರಳಿನ ಸಂದಿ ಇದ್ದರೆ ತಣ್ಣಗಿನ ಗಾಳಿ ನೆಲ ಹಿಡಿದು ಆಚೆ ಹೋಗುತ್ತದೆ. ರಬ್ಬರ್ ಪಟ್ಟಿ ಅಂಟಿಸಿ. ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಿ, ಮಧ್ಯಾಹ್ನ ಹನ್ನೆರಡಕ್ಕೇ ಎಳೆದುಬಿಡಿ. ತಾರಸಿಗೆ ಬಿಳಿ ಬಣ್ಣ ಹೊಡೆಸಿದರೆ ಕೆಳಗಿನ ಕೋಣೆ ನಿಜವಾಗಿಯೂ ತಣ್ಣಗಿರುತ್ತದೆ. ನಾವು ಹೊಡೆಸಿದ ವರ್ಷ ಎಸಿ ಹಾಕುವ ಹೊತ್ತು ಎರಡು ಗಂಟೆ ಮುಂದಕ್ಕೆ ಹೋಯಿತು. ಹೆಂಚಿನ ಮನೆಯವರು ಮಾತ್ರ ಒಂದು ಯೋಚಿಸಬೇಕು. ಹೆಂಚಿನ ಸಂದಿಯಲ್ಲಿ ಗಾಳಿ ಆಡುವುದೇ ಆ ಮನೆಯ ಗುಣ. ಕೆಳಗೆ ಸೀಲಿಂಗ್ ಮಾಡಿಸದೆ ಅಲ್ಲಿ ಎಸಿ ಹಾಕಿದರೆ ಬಯಲಿಗೆ ಎಸಿ ಹಾಕಿದಂತೆ.

ಬಿಲ್ಲಿನ ಲೆಕ್ಕ ಮೊದಲೇ ಹಾಕಿ

ಎಸಿ ಮೇಲೆ ಅಂಟಿಸಿರುವ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಒಂದು ಅಂಕಿ ಇರುತ್ತದೆ. ಅದು 1600 ಗಂಟೆ ಓಡಿದರೆ ಆಗುವ ಖರ್ಚು. ಅಲ್ಲಿ 800 ಅಂತ ಇದ್ದರೆ ಗಂಟೆಗೆ ಅರ್ಧ ಯೂನಿಟ್. ದಿನಕ್ಕೆ 8 ಗಂಟೆಯಂತೆ 30 ದಿನಕ್ಕೆ 120 ಯೂನಿಟ್.

ಇದು ಯಾಕೆ ಮುಖ್ಯ ಅಂದರೆ ಗೃಹಜ್ಯೋತಿ, ಸರ್ಕಾರದ ಉಚಿತ ಕರೆಂಟ್ ಯೋಜನೆ. ಉಳಿದ ತಿಂಗಳು ನಿಮ್ಮ ಮನೆಗೆ 90 ಯೂನಿಟ್ ಆಗುತ್ತಿದ್ದರೆ ಎಸಿ ಸೇರಿ 210. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ. 200ರ ಒಳಗಿದ್ದರೆ ನಿಮಗೆ ಗೊತ್ತುಮಾಡಿರುವ ಮಿತಿಗಿಂತ ಮೇಲಿನದ್ದಕ್ಕಷ್ಟೇ ದುಡ್ಡು. ಅಂದರೆ ದಿನಕ್ಕೆ ಒಂದು ಗಂಟೆ ಕಡಿಮೆ ಓಡಿಸಿದರೂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಆಗುತ್ತದೆ. ಚೆಸ್ಕಾಂ ಮೀಟರ್ ಓದುವ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು, ನಡುವೆ ಒಂದು ಸಲ ನೀವೇ ಮೀಟರ್ ನೋಡಿ.

2020ರ ಜನವರಿಯಿಂದ ನಕ್ಷತ್ರದ ಚೀಟಿ ಇರುವ ಕೋಣೆ ಎಸಿಗಳು ಆನ್ ಆದಾಗ ತಾವಾಗಿ 24 ಡಿಗ್ರಿಗೆ ನಿಲ್ಲಬೇಕು ಅನ್ನುವ ನಿಯಮ ಬಂದಿದೆ. ಆ 24 ಒಳ್ಳೆಯ ಜಾಗ. ಜೊತೆಗೆ ಸೀಲಿಂಗ್ ಫ್ಯಾನ್ ಒಂದರಲ್ಲಿ ಇಟ್ಟರೆ 26, 27 ಕೂಡ ಹಿತವಾಗಿರುತ್ತದೆ. ನಮ್ಮೂರಿಗೆ ಇನ್ನೊಂದು ಭಾಗ್ಯವಿದೆ. ಏಪ್ರಿಲ್‌ನಲ್ಲೂ ರಾತ್ರಿ ಹತ್ತರ ಮೇಲೆ ಹೊರಗೆ ತಂಪಾಗುತ್ತದೆ. ಹತ್ತು ಗಂಟೆಗೆ ಟೈಮರ್ ಇಟ್ಟು, ಸೊಳ್ಳೆ ಜಾಲರಿ ಇರುವ ಕಿಟಕಿ ತೆರೆದು ಮಲಗಿದರೆ ಬೆಳಗಿನ ಹೊತ್ತಿಗೆ ಹೊದಿಕೆ ಬೇಕಾಗುತ್ತದೆ.

ಮಳೆ ಹಿಡಿದ ಮೇಲೆ

ಮುಂದಿನ ಬೇಸಿಗೆಯ ಅರ್ಧ ಕೆಲಸ ಈ ಜೂನ್‌ನಲ್ಲೇ ಆಗಬೇಕು. ಎಸಿ ಕೊನೆಯ ಸಲ ಓಡಿಸಿದ ದಿನ ಸುಮ್ನೆ ಆಫ್ ಮಾಡಿ ಮರೆಯಬೇಡಿ. ಮಳೆ ಬಿಡುವು ಕೊಟ್ಟ ಒಂದು ದಿನ ಬರೀ ಫ್ಯಾನ್ ಮೋಡ್‌ನಲ್ಲಿ ಮೂರು ನಾಲ್ಕು ಗಂಟೆ ಓಡಿಸಿ ಕಾಯಿಲ್ ಪೂರ್ತಿ ಒಣಗಿಸಿ. ಬೂಷ್ಟು ಬರುವುದು ಅಲ್ಲಿ ಉಳಿದ ತೇವದಿಂದ. ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಎಂಸಿಬಿ ಇಳಿಸಿ. ರಿಮೋಟ್ ಸೆಲ್ ತೆಗೆಯಿರಿ. ಡ್ರೈನ್ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಕಣಜಕ್ಕೆ ಜಾಗ ಸಿಗುವುದಿಲ್ಲ. ಫೆಬ್ರವರಿಯಲ್ಲಿ ಬಿಚ್ಚಲು ಮರೆಯಬೇಡಿ.

ಹೊರಗಿನ ಪೆಟ್ಟಿಗೆಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ. ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗೆ ಬೆಚ್ಚಗಿನ ಮನೆಯಾಗುತ್ತದೆ. ಮೇಲೆ ಮಾತ್ರ ಮುಚ್ಚುವ ಹಾಗೆ ಒಂದು ಶೀಟ್ ಸಾಕು. ಮಳೆಯಲ್ಲಿ ನೆನೆಯಲೆಂದೇ ಮಾಡಿದ ಪೆಟ್ಟಿಗೆ ಅದು.

ನಾನು ಇನ್ನೊಂದು ಮಾಡುತ್ತೇನೆ. ಒಳಗಿನ ಪೆಟ್ಟಿಗೆಯ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ. ಕಾಯಿಲ್ ತೊಳೆಸಿದ ತಾರೀಕು, ಥರ್ಮಾಮೀಟರ್ ತೋರಿಸಿದ ಎರಡು ಅಂಕಿ, ಯಾವ ನಟ್ ರಿಪೇರಿ ಆಯಿತು, ಯಾವ ಗ್ಯಾಸ್, ಎಷ್ಟು ಗ್ರಾಂ. ಈ ವರ್ಷ ಬಂದ ಮೆಕ್ಯಾನಿಕ್ ಫಿಲ್ಟರ್ ತೆಗೆಯಲು ಬಾಗಿಲು ಎತ್ತಿದವನು ಆ ಚೀಟಿಯನ್ನು ಪೂರ್ತಿ ಓದಿದ. ಆಮೇಲೆ ಬ್ಯಾಗಿನಿಂದ ಮೊದಲು ಥರ್ಮಾಮೀಟರ್ ತೆಗೆದ.